ಬಯಲ ನಾಡಿಗೆ ಬಂದ ಬೆಟ್ಟಗಳು

ಬೀದರ ಜಿಲ್ಲೆಯ ಪ್ರಾಕೃತಿಕ ಭೂಪಟವನ್ನು ತೆರೆದು ನೋಡಿದರೆ ಪರ್ವತವೆಂದು ಹೇಳಬಹುದಾದ ಗುರುತು ಒಂದೂ ಕಾಣಿಸುವುದಿಲ್ಲ. ಕೆಳಗೆ ಕಪ್ಪು ಬಸಾಲ್ಟ್ ಶಿಲೆ, ಅದರ ಮೇಲೆ ಅಲ್ಲಲ್ಲಿ ಕೆಂಪು ಜಂಬಿಟ್ಟಿಗೆಯ ಹೊದಿಕೆ, ನಡುನಡುವೆ ಮಳೆನೀರು ಕೊರೆದ ಹಳ್ಳಗಳು, ಒಂದಿಷ್ಟು ಬೋಳುಗುಡ್ಡಗಳು: ಇಷ್ಟೇ ನಮ್ಮ ನೆಲದ ಏರಿಳಿತ. ಬಸವಕಲ್ಯಾಣದಿಂದ ಹುಮನಾಬಾದಿಗೆ ಬರುವ ಪ್ರಯಾಣಿಕನ ಕಣ್ಣಿಗೆ ತೊಗರಿಯ ಹೊಲಗಳು, ಜೋಳದ ಹೊಲಗಳು ಮತ್ತು ದೂರದ ದಿಗಂತ ಬೀಳುತ್ತವೆಯೇ ಹೊರತು ತಲೆಯೆತ್ತಿ ನೋಡಬೇಕಾದ ಶಿಖರ ಯಾವುದೂ ಇಲ್ಲ. ಇಂಥ ನಾಡಿನಲ್ಲಿ ಹುಟ್ಟಿದವನಿಗೆ ರಾಜ್ಯದ ಅತ್ಯುನ್ನತ ಗಿರಿಗಳನ್ನೆಲ್ಲ ಏರಬೇಕೆಂಬ ಹಂಬಲ ಬಂದರೆ ಅದನ್ನು ಎರವಲು ತಂದ ಆಸೆಯೆಂದು ಜನ ತಿಳಿಯುವುದು ಸಹಜ.

ಆದರೆ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದರೆ ಬೇರೆ ಸಂಗತಿ ಕಾಣುತ್ತದೆ. ಬೆಟ್ಟವಿಲ್ಲದ ಈ ಸೀಮೆಗೂ ಬೆಟ್ಟವೇರುವ ಹವ್ಯಾಸಕ್ಕೂ ಒಂಬೈನೂರು ವರ್ಷಗಳ ನಂಟಿದೆ. ಅಷ್ಟೇ ಅಲ್ಲ, ಭಾರತದ ಪರ್ವತಗಳಲ್ಲಿ ಯಾವುದು ಹೆಚ್ಚು ಎತ್ತರ, ಯಾವುದು ಕಡಿಮೆ ಎಂದು ತೀರ್ಮಾನಿಸಿದ ಮಹಾ ಅಳತೆಯಲ್ಲಿ ನಮ್ಮ ಬಯಲಿಗೂ ಪಾಲಿದೆ. ಆ ಕಥೆಯನ್ನು ಓದುಗ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಕಲ್ಯಾಣದ ಅರಮನೆಗೆ ಹೋಗೋಣ. ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಕಾಲದಲ್ಲಿ, ಹನ್ನೊಂದನೆಯ ಶತಮಾನದ ನಡುಭಾಗದಲ್ಲಿ, ಕಲ್ಯಾಣವು ರಾಜಧಾನಿಯಾಯಿತು. ಅದೇ ವಂಶದ ಮೂರನೆಯ ಸೋಮೇಶ್ವರ, ಭೂಲೋಕಮಲ್ಲನೆಂಬ ಬಿರುದಿನವನು, 1126ರಿಂದ 1138ರವರೆಗೆ ಆಳಿದನು. ಯುದ್ಧಗಳಿಗಿಂತ ಗ್ರಂಥದಿಂದ ಹೆಚ್ಚು ಪ್ರಸಿದ್ಧನಾದ ಅರಸನಿವನು. ಅವನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ಕ್ಕೆ 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಇನ್ನೊಂದು ಹೆಸರೂ ಉಂಟು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು 'ವಿಂಶತಿ'ಗಳಲ್ಲಿ ರಾಜ್ಯಾಡಳಿತ, ಅಡುಗೆ, ಸಂಗೀತ, ಆನೆ, ಕುದುರೆ, ರತ್ನ, ವೈದ್ಯ ಹೀಗೆ ಅಂದಿನ ಬದುಕಿನ ಎಲ್ಲವೂ ಅದರೊಳಗೆ ಅಡಕವಾಗಿದೆ. ಕ್ರೀಡೆಗಳಿಗೆ ಮೀಸಲಾದ ವಿಂಶತಿಯಲ್ಲಿ ವನಕ್ರೀಡೆ, ಜಲಕ್ರೀಡೆ, ಬೆಳದಿಂಗಳ ಕ್ರೀಡೆಗಳ ಜೊತೆಗೆ 'ಭೂಧರ ಕ್ರೀಡೆ'ಯೂ ಇದೆ. ಭೂಧರವೆಂದರೆ ಪರ್ವತ. ಕೈಗೆಟಕುವಷ್ಟು ದೂರದಲ್ಲಿ ಒಂದೂ ಪರ್ವತವಿಲ್ಲದ ರಾಜಧಾನಿಯಲ್ಲಿ ಕುಳಿತ ಅರಸನು ಪರ್ವತಕ್ರೀಡೆಯನ್ನು ಬದುಕಿನ ಉಲ್ಲಾಸಗಳ ಪಟ್ಟಿಗೆ ಸೇರಿಸಿದನೆಂಬುದು ಗಮನಾರ್ಹ. ಗ್ರಂಥದ ಹೆಸರಿನಲ್ಲೇ 'ಅಭಿಲಷಿತ', ಅಂದರೆ ಬಯಸಿದ್ದು ಎಂಬ ಪದವಿರುವುದನ್ನೂ ಇಲ್ಲಿ ನೆನೆಯಬಹುದು.

ಇದು ಅರಮನೆಯ ಮಾತಾಯಿತು. ಕೆಲವೇ ದಶಕಗಳಲ್ಲಿ ಇದೇ ಕಲ್ಯಾಣ ಶರಣರ ಕಲ್ಯಾಣವಾಯಿತು. ಉಡುತಡಿಯಿಂದ ಬಂದ ಅಕ್ಕಮಹಾದೇವಿ ಕಲ್ಯಾಣದಿಂದ ಮುಂದೆ ಶ್ರೀಶೈಲದ ಕದಳಿಗೆ ನಡೆದಳೆಂಬುದು, ಕಲ್ಯಾಣದ ಕ್ರಾಂತಿಯ ಬಳಿಕ ಚೆನ್ನಬಸವಣ್ಣನವರು ಸಹ್ಯಾದ್ರಿಯ ಕಾಡಿನ ನಡುವಣ ಉಳವಿಯನ್ನು ತಲುಪಿದರೆಂಬುದು ನಮ್ಮ ಮನೆಮನೆಯ ನಂಬಿಕೆ. ಒಂದು ಪೂರ್ವದ ಗಿರಿ, ಇನ್ನೊಂದು ಪಶ್ಚಿಮದ ಗಿರಿ. ಹೊರಟದ್ದು ಮಾತ್ರ ಈ ಬಯಲಿನಿಂದ. ಇಂದಿಗೂ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರಿದ್ದಾರೆ. ಅವರಲ್ಲಿ ಯಾರನ್ನು ಬೇಕಾದರೂ ನಿಲ್ಲಿಸಿ, 'ಶ್ರೀಶೈಲ ಎಷ್ಟು ಮೀಟರ್ ಎತ್ತರ?' ಎಂದು ಕೇಳಿ ನೋಡಿ. ಪ್ರಶ್ನೆಯೇ ಅವರಿಗೆ ವಿಚಿತ್ರವೆನಿಸುತ್ತದೆ. ಮಲ್ಲಯ್ಯನಿರುವ ಗಿರಿಗೆ ಎತ್ತರದ ಲೆಕ್ಕ ಏಕೆ ಬೇಕು?

ಹಾಗಾದರೆ ಎತ್ತರದ ಲೆಕ್ಕ ಯಾವಾಗ ಬಂತು? ಬೆಟ್ಟಗಳಿಗೆ ಒಂದನೆಯದು, ಎರಡನೆಯದು ಎಂಬ ಅಂಕಿ ಯಾವಾಗ ಬಿತ್ತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ನಾವು ಮತ್ತೆ ಬೀದರಿಗೇ ಬಂದು ನಿಲ್ಲುತ್ತೇವೆ.

ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಬೆಂಗಳೂರಿನ ಬಳಿ ಮೊದಲ ಪ್ರಾಯೋಗಿಕ ಅಳತೆ ನಡೆಸಿದನು. 1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ಅಳೆಯುವುದರೊಂದಿಗೆ ಇಡೀ ದೇಶವನ್ನು ತ್ರಿಕೋನಗಳಲ್ಲಿ ಹೆಣೆಯುವ ಕಾರ್ಯ ವಿಧಿವತ್ತಾಗಿ ಆರಂಭವಾಯಿತು. ಇದರ ತತ್ತ್ವ ಪ್ರೌಢಶಾಲೆಯ ಗಣಿತದ್ದೇ. ತ್ರಿಕೋನವೊಂದರ ಒಂದು ಬಾಹುವಿನ ಉದ್ದ ಮತ್ತು ಕೋನಗಳು ಗೊತ್ತಿದ್ದರೆ ಉಳಿದ ಬಾಹುಗಳನ್ನು ಲೆಕ್ಕದಿಂದ ಪಡೆಯಬಹುದು. ಹಾಗೆ ಪಡೆದ ಬಾಹುವಿನ ಮೇಲೆ ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು. ನೆಲದ ಮೇಲೆ ನಿಜವಾಗಿ ಅಳೆಯಬೇಕಾದದ್ದು ಮೊದಲ ಬಾಹುವನ್ನು ಮಾತ್ರ. ಆದರೆ ನೂರಾರು ಮೈಲಿ ದೂರ ಸಾಗಿದ ಮೇಲೆ ಲೆಕ್ಕದಲ್ಲಿ ತಪ್ಪು ನುಸುಳಿದೆಯೇ ಎಂದು ಪರೀಕ್ಷಿಸಲು ನಡುನಡುವೆ ಹೊಸ ಆಧಾರರೇಖೆಯನ್ನು ಅಳೆಯಲೇಬೇಕು. ಅದಕ್ಕೆ ಬೇಕಾದದ್ದು ಏಳೆಂಟು ಮೈಲಿ ಅಡೆತಡೆಯಿಲ್ಲದ ಸಮತಟ್ಟು ನೆಲ.

ಕನ್ಯಾಕುಮಾರಿಯ ದಿಕ್ಕಿನಿಂದ ಉತ್ತರಾಭಿಮುಖವಾಗಿ ಬೆಳೆದ ಈ ಸರಪಳಿಗೆ ಅಂಥ ನೆಲ ಸಿಕ್ಕಿದ್ದು ನಮ್ಮ ಬೀದರಿನ ಸಮೀಪದಲ್ಲಿ. 1815ರಲ್ಲಿ ಲ್ಯಾಂಬ್ಟನ್ ಇಲ್ಲಿ ಉಕ್ಕಿನ ಸರಪಣಿಯಿಂದ ಆಧಾರರೇಖೆಯನ್ನು ಅಳೆದನು. ಇಲ್ಲಿನ ದಾಮರಗಿದ್ದ ಎಂಬ ವೀಕ್ಷಣಾ ಸ್ಥಾನ 18 ಡಿಗ್ರಿ 3 ಮಿನಿಟ್ ಉತ್ತರ ಅಕ್ಷಾಂಶದಲ್ಲಿದೆ. ಲ್ಯಾಂಬ್ಟನ್‌ನ ನಂತರ ಕೆಲಸ ಮುಂದುವರಿಸಿದ ಜಾರ್ಜ್ ಎವರೆಸ್ಟ್ 1830ರಲ್ಲಿ ಪ್ರಕಟಿಸಿದ ಗ್ರಂಥದ ವಿಷಯವೇ 18 ಡಿಗ್ರಿ 3 ಮಿನಿಟ್‌ನಿಂದ 24 ಡಿಗ್ರಿ 7 ಮಿನಿಟ್‌ವರೆಗಿನ ಮಧ್ಯಾಹ್ನರೇಖೆಯ ಅಳತೆ. ಅಂದರೆ ಆ ಸುಪ್ರಸಿದ್ಧ ಚಾಪದ ದಕ್ಷಿಣದ ತುದಿ ನಮ್ಮ ನೆರೆಯದು. ಭೂಮಿಯ ಆಕಾರವನ್ನು ಲೆಕ್ಕ ಹಾಕಲು ಭಾರತದಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಬಳಸಿದ 'ಎವರೆಸ್ಟ್ ಗೋಳಾಭ'ದ ಬೇರು ಇದೇ ಕೆಲಸದಲ್ಲಿದೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಹಳೆಯ ಸರಪಣಿಯ ಅಳತೆ ಎವರೆಸ್ಟನಿಗೆ ಸಾಲದಾಯಿತು. ಬಿಸಿಲಿಗೆ ಲೋಹ ಹಿಗ್ಗುತ್ತದೆ, ರಾತ್ರಿಯ ತಂಪಿಗೆ ಕುಗ್ಗುತ್ತದೆ. ಬೀದರಿನ ಬಿಸಿಲು ಎಂಥದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆದ್ದರಿಂದ ಹಿತ್ತಾಳೆ ಮತ್ತು ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಅವೆರಡರ ಹಿಗ್ಗುವಿಕೆಯ ವ್ಯತ್ಯಾಸದಿಂದಲೇ ದೋಷ ನಿವಾರಣೆಯಾಗುವಂತೆ ಮಾಡಿದ ಹೊಸ ಅಳತೆಗೋಲುಗಳು ಬಂದವು. 1841ರಲ್ಲಿ ಆಂಡ್ರ್ಯೂ ವಾ ಎಂಬ ಅಧಿಕಾರಿ ಈ ಗೋಲುಗಳಿಂದ ಬೀದರಿನ ರೇಖೆಯನ್ನು ಹೊಸದಾಗಿ ಅಳೆದನು. ಸುಮಾರು ಎಂಟು ಮೈಲಿ ಉದ್ದದ ರೇಖೆಯದು. ಉತ್ತರದಲ್ಲಿ ಮಧ್ಯಭಾರತದ ಸಿರೋಂಜ್ ಬಳಿ ಅಳೆದಿದ್ದ ರೇಖೆಯಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿ ತಂದ ಉದ್ದಕ್ಕೂ, ಇಲ್ಲಿ ನೆಲದ ಮೇಲೆ ಅಳೆದ ಉದ್ದಕ್ಕೂ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಾನೂರಕ್ಕೂ ಹೆಚ್ಚು ಮೈಲಿಗಳ ಕಾಡು, ನದಿ, ಗುಡ್ಡಗಳನ್ನು ದಾಟಿ ಬಂದ ಲೆಕ್ಕ ಕೆಲವೇ ಅಂಗುಲಗಳೊಳಗೆ ತಾಳೆಯಾಯಿತು. ಗಣಿತ ಕಲಿಸಿದ ಯಾವ ಉಪಾಧ್ಯಾಯನಿಗೂ ರೋಮಾಂಚನ ತರುವ ಸಂಗತಿಯಿದು.

ಎರಡು ವರ್ಷಗಳ ನಂತರ, 1843ರಲ್ಲಿ, ಎವರೆಸ್ಟ್ ನಿವೃತ್ತನಾದಾಗ ಅವನ ಸ್ಥಾನಕ್ಕೆ ಬಂದವನು ಇದೇ ವಾ. ಅವನ ಕಾಲದಲ್ಲೇ ಹಿಮಾಲಯದ ಶಿಖರಗಳನ್ನು ದೂರದ ಬಯಲಿನಿಂದ ಕೋನ ಹಿಡಿದು ಅಳೆದರು. ರಾಧಾನಾಥ ಸಿಕ್ದಾರ್ ಎಂಬ ಬಂಗಾಳಿ ಗಣಿತಜ್ಞರ ಲೆಕ್ಕಾಚಾರದಿಂದ 'ಹದಿನೈದನೆಯ ಶಿಖರ'ವೇ ಎಲ್ಲಕ್ಕಿಂತ ಎತ್ತರವೆಂದು 1852ರ ಹೊತ್ತಿಗೆ ತಿಳಿದುಬಂತು. 1856ರಲ್ಲಿ ವಾ ಅದರ ಎತ್ತರ 29,002 ಅಡಿಯೆಂದು ಪ್ರಕಟಿಸಿ ತನ್ನ ಹಿಂದಿನ ಅಧಿಕಾರಿಯ ಹೆಸರನ್ನು ಅದಕ್ಕೆ ಸೂಚಿಸಿದನು. 2020ರಲ್ಲಿ ನೇಪಾಳ ಮತ್ತು ಚೀನಾ ಒಟ್ಟಾಗಿ ಪ್ರಕಟಿಸಿದ ಎತ್ತರ 8,848.86 ಮೀಟರ್. ಹಳೆಯ ಲೆಕ್ಕಕ್ಕೂ ಇದಕ್ಕೂ ಒಂಬತ್ತು ಮೀಟರ್‌ಗಳಷ್ಟೇ ಅಂತರ. ಜಗತ್ತಿನ ಅತ್ಯುನ್ನತ ಶಿಖರವನ್ನು ಜಗತ್ತಿಗೆ ಸಾರಿದವನು ಅದಕ್ಕೆ ಹದಿನೈದು ವರ್ಷ ಮೊದಲು ನಮ್ಮ ಬಯಲಿನಲ್ಲಿ ಮೊಳಕಾಲೂರಿ ಗೋಲುಗಳನ್ನು ಜೋಡಿಸುತ್ತಿದ್ದನೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕು.

ಈ ಸಂದರ್ಭದಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಲ್ಯಾಂಬ್ಟನ್‌ನ ಮಹಾ ಥಿಯೊಡೊಲೈಟ್ ಯಂತ್ರ ಸುಮಾರು ಅರ್ಧ ಟನ್ ತೂಗುತ್ತಿತ್ತು. ಕೋನ ಅಳೆಯಲು ಅದನ್ನು ಎತ್ತರದ ಗುಡ್ಡಗಳ ನೆತ್ತಿಗೇ ಒಯ್ಯಬೇಕಿತ್ತು. ಹೊತ್ತವರು ಯಾರು? ದಾರಿಯ ಮುಳ್ಳುಕಂಟಿ ಕಡಿದವರು, ಶಿಖರದಲ್ಲಿ ರಾತ್ರಿಯಿಡೀ ದೀಪ ಹಿಡಿದು ಕುಳಿತವರು, ಜ್ವರ ಬಂದು ಕಾಡಿನಲ್ಲೇ ಸತ್ತವರು ಯಾರು? ಖಲಾಸಿಗಳು, ಕೂಲಿಗಳು, ಬಾವುಟದವರು ಎಂದಷ್ಟೇ ದಾಖಲೆ ಹೇಳುತ್ತದೆ. ಒಂದು ಪ್ರಾಂತದ ಎತ್ತರದ ಗುಡ್ಡಗಳನ್ನು ಒಂದಾದ ಮೇಲೊಂದರಂತೆ ಕ್ರಮವಾಗಿ ಏರಿದ ಮೊದಲಿಗರು ಅವರೇ ಇರಬೇಕು. ಅವರಿಗೆ ಅದು ಗುರಿಯೂ ಅಲ್ಲ, ಕ್ರೀಡೆಯೂ ಅಲ್ಲ, ಹೊಟ್ಟೆಪಾಡು. ಹೆಸರು ಉಳಿಯದ ಆ ಜನರ ಬೆವರಿನಿಂದ ಬೆಟ್ಟಗಳಿಗೆ ಅಂಕಿ ಬಂತು.

ಅಂಕಿ ಬಂದ ಮೇಲೆ ಪಟ್ಟಿ ಬರುವುದು ತಡವಾಗಲಿಲ್ಲ. ಸ್ಕಾಟ್ಲೆಂಡಿನ ಹ್ಯೂ ಮನ್ರೋ ಎಂಬಾತ 1891ರಲ್ಲಿ ತನ್ನ ನಾಡಿನ 3,000 ಅಡಿ ಮೀರಿದ ಬೆಟ್ಟಗಳ ಪಟ್ಟಿಯನ್ನು ಪ್ರಕಟಿಸಿದನು. ಸ್ವತಂತ್ರ ಬೆಟ್ಟಗಳೆಂದು ಅವನು ಗುರುತಿಸಿದವು 283. ಅಂದಿನಿಂದ ಅವೆಲ್ಲವನ್ನೂ ಏರಿ ಮುಗಿಸುವುದು ಅಲ್ಲಿಯವರಿಗೆ ಜೀವಮಾನದ ಗುರಿಯಾಯಿತು. ರಾಬರ್ಟ್‌ಸನ್ ಎಂಬ ಪಾದ್ರಿ 1901ರಲ್ಲಿ ಅವೆಲ್ಲವನ್ನೂ ಪೂರೈಸಿದವರಲ್ಲಿ ಮೊದಲಿಗನೆಂದು ಹೆಸರಾದನು. ಪಟ್ಟಿ ಮಾಡಿದ ಮನ್ರೋ ಮಾತ್ರ ಕೆಲವು ಶಿಖರಗಳನ್ನು ಉಳಿಸಿಕೊಂಡೇ 1919ರಲ್ಲಿ ತೀರಿಕೊಂಡನು. ಜಪಾನಿನ ಲೇಖಕ ಫುಕಾದಾ ಕ್ಯೂಯಾ 1964ರಲ್ಲಿ ತನ್ನ ದೇಶದ ನೂರು ಪ್ರಸಿದ್ಧ ಪರ್ವತಗಳ ಕುರಿತು ಪುಸ್ತಕ ಬರೆದನು. ಅವನು ಎತ್ತರವೊಂದನ್ನೇ ನೆಚ್ಚದೆ ಪರ್ವತದ ಘನತೆ, ಚರಿತ್ರೆ ಮತ್ತು ವೈಶಿಷ್ಟ್ಯಗಳನ್ನೂ ನೋಡಿ ಆರಿಸಿದನು. 1971ರಲ್ಲಿ ಬೆಟ್ಟವೊಂದನ್ನು ಏರುತ್ತಿರುವಾಗಲೇ ಅವನ ಪ್ರಾಣ ಹೋಯಿತು. ಅಮೆರಿಕದ ಉದ್ಯಮಿ ಡಿಕ್ ಬಾಸ್ 1985ರಲ್ಲಿ, ತನ್ನ ಐವತ್ತೈದನೆಯ ವಯಸ್ಸಿನಲ್ಲಿ, ಏಳು ಖಂಡಗಳ ಅತ್ಯುನ್ನತ ಶಿಖರಗಳನ್ನು ಏರಿ ಮುಗಿಸಿದ ಮೊದಲಿಗನೆನಿಸಿದನು.

ನಮ್ಮ ನೆರೆಹೊರೆಯಲ್ಲೂ ಇಂಥವರಿದ್ದಾರೆ. ಆಂಧ್ರದ ನೆಲ್ಲೂರು ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿದ ಮಲ್ಲಿ ಮಸ್ತಾನ್ ಬಾಬು 2006ರಲ್ಲಿ ಏಳು ಖಂಡಗಳ ಏಳು ಶಿಖರಗಳನ್ನು 172 ದಿನಗಳಲ್ಲಿ ಏರಿದರು. 2015ರಲ್ಲಿ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದಲ್ಲಿ ಅವರು ಅಸುನೀಗಿದರು. ಹುಬ್ಬಳ್ಳಿಯ ನಂದಿತಾ ನಾಗನಗೌಡರ್ 2016ರಲ್ಲಿ ಎವರೆಸ್ಟ್ ಏರಿದರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದ ಸತ್ಯರೂಪ ಸಿದ್ಧಾಂತ ಬಾಲ್ಯದಲ್ಲಿ ಅಸ್ತಮಾದಿಂದ ಬಳಲಿದವರು. ಅವರು ಏಳು ಖಂಡಗಳ ಅತ್ಯುನ್ನತ ಶಿಖರಗಳನ್ನೂ ಏಳು ಅತ್ಯುನ್ನತ ಜ್ವಾಲಾಮುಖಿಗಳನ್ನೂ ಏರುವ ಕಾರ್ಯವನ್ನು 2019ರ ಜನವರಿಯಲ್ಲಿ ಪೂರ್ಣಗೊಳಿಸಿದರು.

ಅಷ್ಟು ದೂರದ ಮಾತು ನಮ್ಮಂಥವರಿಗೆ ಬೇಡ. ಕರ್ನಾಟಕದ ಅತ್ಯುನ್ನತ ಗಿರಿಗಳು ಯಾವುವು? ಸಾಮಾನ್ಯವಾಗಿ ಹೇಳುವ ಐದು ಇವು: ಚಿಕ್ಕಮಗಳೂರು ಜಿಲ್ಲೆಯ ಮುಳ್ಳಯ್ಯನಗಿರಿ (1,930 ಮೀಟರ್), ಅದೇ ಶ್ರೇಣಿಯ ಬಾಬಾಬುಡನ್‌ಗಿರಿ (1,895), ಕುದುರೆಮುಖ (1,894), ಕೊಡಗಿನ ತಡಿಯಂಡಮೋಳ್ (1,748) ಮತ್ತು ಕುಮಾರಪರ್ವತ ಅಥವಾ ಪುಷ್ಪಗಿರಿ (1,712).

ಈ ಪಟ್ಟಿ ನೋಡಲು ಸರಳ. ಆದರೆ ಇದು 1956ರ ನವೆಂಬರ್ 1ಕ್ಕೆ ಮೊದಲು ಸಾಧ್ಯವೇ ಇರಲಿಲ್ಲವೆಂಬುದನ್ನು ಎಷ್ಟು ಜನ ಯೋಚಿಸಿದ್ದಾರೆ? ಮುಳ್ಳಯ್ಯನಗಿರಿ ಮತ್ತು ಬಾಬಾಬುಡನ್‌ಗಿರಿ ಮೈಸೂರು ರಾಜ್ಯದವು. ಕುದುರೆಮುಖ ಮೈಸೂರಿನ ಮತ್ತು ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡದ ಗಡಿಯಲ್ಲಿತ್ತು. ತಡಿಯಂಡಮೋಳ್ ಕೊಡಗು ರಾಜ್ಯದ್ದು. ಕುಮಾರಪರ್ವತವು ಕೊಡಗು ಮತ್ತು ದಕ್ಷಿಣ ಕನ್ನಡಗಳ ಗಡಿಯಲ್ಲಿತ್ತು. ಐದು ಬೆಟ್ಟಗಳು ಮೂರು ಆಡಳಿತಗಳಲ್ಲಿ ಹಂಚಿಹೋಗಿದ್ದವು. ನಾವಾದರೋ ನಾಲ್ಕನೆಯದಾದ ಹೈದರಾಬಾದ್ ರಾಜ್ಯದಲ್ಲಿದ್ದೆವು, 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಪ್ರಜೆಗಳು. ಏಕೀಕರಣದ ದಿನ ಹಳೆಯ ಬೀದರ ಜಿಲ್ಲೆ ಒಡೆದು, ಉದಗೀರ ಮೊದಲಾದವು ಮರಾಠಿ ಸೀಮೆಗೂ, ಜಹೀರಾಬಾದ್ ಮೊದಲಾದವು ತೆಲುಗು ಸೀಮೆಗೂ ಹೋದವು. ಬೀದರ, ಭಾಲ್ಕಿ, ಹುಮನಾಬಾದ, ಕಲ್ಯಾಣಗಳು ಕನ್ನಡ ರಾಜ್ಯಕ್ಕೆ ಬಂದವು. ಅಂದು ಸಂಜೆ ನಮ್ಮ ಹಿರಿಯರು ಮನೆಯಲ್ಲಿ ಕುಳಿತಿದ್ದಂತೆಯೇ ಅವರಿಗೆ ಒಂದು ಸಮುದ್ರವೂ ಐದು ಮಹಾಗಿರಿಗಳೂ ದೊರೆತವು. ಏಕೀಕರಣದ ಲಾಭನಷ್ಟಗಳನ್ನು ಲೆಕ್ಕ ಹಾಕುವವರು ಸಾಮಾನ್ಯವಾಗಿ ನೀರು, ನೌಕರಿ, ರಸ್ತೆಗಳ ಮಾತಾಡುತ್ತಾರೆ. ಅದು ನ್ಯಾಯವೇ. ಬೆಟ್ಟಗಳನ್ನೂ ಆ ಲೆಕ್ಕಕ್ಕೆ ಸೇರಿಸಬೇಕೆಂಬುದು ನನ್ನ ವಿನಂತಿ.

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಒಮ್ಮೆ ಈ ಐದು ಹೆಸರುಗಳನ್ನು ಕಪ್ಪುಹಲಗೆಯ ಮೇಲೆ ಬರೆದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಇದರಾಗ ನಮ್ಮ ಕಡೀದು ಯಾವುದರೀ?" ಎಂದು ಕೇಳಿದ. "ಎಲ್ಲಾ ನಮ್ಮವೇ ಅಪ್ಪಾ" ಎಂದೆ. ಅವನು ಸುಮ್ಮನೆ ಕುಳಿತ, ಆದರೆ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ತಾನು ಕಣ್ಣಾರೆ ಕಾಣದ್ದನ್ನು ಭೂಪಟ ತನ್ನದೆಂದು ಹೇಳಿದರೆ ಮಗು ಹೇಗೆ ನಂಬೀತು? ನಿವೃತ್ತಿಯ ನಂತರ ಈ ಐದನ್ನೂ ಏರಬೇಕೆಂದು ನಾನು ಸಂಕಲ್ಪಿಸಿದ್ದಕ್ಕೆ ಆ ಹುಡುಗನ ಪ್ರಶ್ನೆಯೂ ಒಂದು ಕಾರಣ. ಮನೆಯವರು, "ನಮ್ಮ ಕಡೆ ಗುಡ್ಡನೇ ಇಲ್ಲ, ನಿಮಗ್ಯಾಕ್ರೀ ಈ ಹುಚ್ಚು?" ಎಂದು ನಕ್ಕರು. ನಕ್ಕರೂ ದಾರಿಗೆ ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟರು.

ಇದುವರೆಗೆ ಮೂರು ಗಿರಿಗಳನ್ನು ಏರಿದ್ದೇನೆ. ಹುಮನಾಬಾದಿನಿಂದ ಚಿಕ್ಕಮಗಳೂರು ಆರುನೂರಕ್ಕೂ ಹೆಚ್ಚು ಕಿಲೋಮೀಟರ್. ಕಲಬುರಗಿ, ವಿಜಯಪುರ, ಹೊಸಪೇಟೆ, ಚಿತ್ರದುರ್ಗಗಳನ್ನು ದಾಟಿ ಹೋಗುವಾಗ ಕಪ್ಪು ನೆಲ ಕೆಂಪಾಗಿ, ಬಸಾಲ್ಟ್ ಹೋಗಿ ಗ್ರಾನೈಟ್ ಬಂಡೆಗಳು ಬಂದು, ಕೊನೆಗೆ ಕಾಫಿ ತೋಟದ ನೆರಳು ಕಾಣುತ್ತದೆ. ನಮ್ಮ ನೆಲದ ಲಾವಾಶಿಲೆ ಸುಮಾರು ಆರೂವರೆ ಕೋಟಿ ವರ್ಷಗಳದು. ಬಾಬಾಬುಡನ್ ಶ್ರೇಣಿಯ ಶಿಲೆ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದು. ಆ ಶಿಲೆಗಳ ಮುಂದೆ ನಮ್ಮ ನೆಲ ಕೂಸು.

ಮುಳ್ಳಯ್ಯನಗಿರಿಗೆ ನೆತ್ತಿಯ ಸಮೀಪದವರೆಗೆ ರಸ್ತೆಯಿದೆ. ಅಲ್ಲಿಂದ ಮೆಟ್ಟಿಲು ಹತ್ತಿದರೆ ಮುಳ್ಳಪ್ಪಸ್ವಾಮಿಯ ಗದ್ದುಗೆಯಿರುವ ಪುಟ್ಟ ಗುಡಿ. ರಾಜ್ಯದ ತುತ್ತತುದಿಯಲ್ಲಿ ಒಬ್ಬ ತಪಸ್ವಿಯ ಗದ್ದುಗೆಯಿರುವುದನ್ನು ಕಂಡು ಕಲ್ಯಾಣದ ಕಡೆಯವನಾದ ನನಗೆ ಪರಸ್ಥಳವೆನಿಸಲಿಲ್ಲ. ಬಾಬಾಬುಡನ್‌ಗಿರಿಯ ಹೆಸರು ಯೆಮನ್‌ನಿಂದ ಕಾಫಿಯ ಏಳು ಬೀಜಗಳನ್ನು ತಂದನೆಂದು ಪ್ರತೀತಿಯಿರುವ ಸೂಫಿ ಸಂತನದು. ಕಕ್ಕಬ್ಬೆಯ ಕಡೆಯಿಂದ ತಡಿಯಂಡಮೋಳ್ ಏರುವವರಿಗೆ ಬುಡದಲ್ಲಿ ದೊಡ್ಡವೀರರಾಜೇಂದ್ರನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ ಸಿಗುತ್ತದೆ. ಎತ್ತರದ ಅಂಕಿಯನ್ನು ಬೆನ್ನಟ್ಟಿ ಹೋದವನಿಗೆ ಸಿಕ್ಕಿದ್ದು ಹೀಗೆ ಒಂದು ಗದ್ದುಗೆ, ಒಂದು ದರ್ಗಾ, ಒಂದು ಅರಮನೆ.

ಅಂಕಿಗಳ ವಿಷಯವಾಗಿಯೂ ಒಂದು ಸ್ವಾರಸ್ಯ ಹೇಳುತ್ತೇನೆ. ಬಿ. ಎಲ್. ರೈಸ್ ಅವರ ಹಳೆಯ ಮೈಸೂರು ಗೆಜೆಟಿಯರ್‌ನಲ್ಲಿ ಮುಳ್ಳಯ್ಯನಗಿರಿ 6,317 ಅಡಿ, ಕುದುರೆಮುಖ 6,215 ಅಡಿ, ಬಾಬಾಬುಡನ್‌ಗಿರಿ 6,214 ಅಡಿ. ಅಂದರೆ ಅಂದು ಎರಡನೆಯ ಸ್ಥಾನ ಕುದುರೆಮುಖದ್ದು, ಒಂದೇ ಅಡಿಯ ಅಂತರದಿಂದ! ಇಂದಿನ ಪುಸ್ತಕಗಳಲ್ಲಿ ಒಂದೋ ಎರಡೋ ಮೀಟರ್ ಹೆಚ್ಚಿನಿಂದ ಬಾಬಾಬುಡನ್‌ಗಿರಿಗೆ ಆ ಸ್ಥಾನ. ಅದೇ ಗೆಜೆಟಿಯರ್ ಕಲ್ಹತ್ತಿಗಿರಿಗೆ 6,155 ಅಡಿ ಕೊಡುತ್ತದೆ. ಹಾಗಾದರೆ ಅದು ತಡಿಯಂಡಮೋಳ್‌ಗಿಂತ ಎತ್ತರ. ಆದರೂ ಅದೇ ಶ್ರೇಣಿಯ ಭುಜವೆಂದು ಪರಿಗಣಿಸಿ ಹೆಚ್ಚಿನವರು ಐದರ ಪಟ್ಟಿಯಿಂದ ಬಿಡುತ್ತಾರೆ. ಬಿಳಿಗಿರಿರಂಗನ ಬೆಟ್ಟಗಳ ಕಟ್ಟರಿಬೆಟ್ಟವೂ 1,800 ಮೀಟರ್‌ಗಳ ಆಸುಪಾಸಿನದು. ಅದನ್ನೂ ಸೇರಿಸಿದರೆ ಪಟ್ಟಿ ಮತ್ತೆ ಬದಲಾಗುತ್ತದೆ. ಯಾವುದು ಸ್ವತಂತ್ರ ಬೆಟ್ಟ, ಯಾವುದು ಇನ್ನೊಂದರ ಭುಜ ಎಂಬ ಇದೇ ತಕರಾರು ಮನ್ರೋನ ಪಟ್ಟಿಯನ್ನೂ ಕಾಡಿತು. ಅದು ಹಲವು ಸಲ ತಿದ್ದಲ್ಪಟ್ಟಿದೆ. ಬೆಟ್ಟ ದೇವರು ಮಾಡಿದ್ದು, ಪಟ್ಟಿ ಮನುಷ್ಯ ಮಾಡಿದ್ದು.

ಎತ್ತರವೇ ಶ್ರಮದ ಅಳತೆಯೂ ಅಲ್ಲ. ಹುಮನಾಬಾದಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ, ಬಸವಕಲ್ಯಾಣ ಸುಮಾರು 620. ಲೆಕ್ಕಕ್ಕೆ ಹೇಳುವುದಾದರೆ ನಾವು ಮನೆಯಂಗಳದಲ್ಲಿ ನಿಂತಾಗಲೇ ಮುಳ್ಳಯ್ಯನಗಿರಿಯ ಮೂರನೆಯ ಒಂದು ಭಾಗ ಏರಿರುತ್ತೇವೆ! ಕುಮಾರಪರ್ವತ ಪಟ್ಟಿಯಲ್ಲಿ ಐದನೆಯದಾದರೂ ಅದರ ಬುಡವಾದ ಕುಕ್ಕೆ ಸುಬ್ರಹ್ಮಣ್ಯ ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಮಾತ್ರ ಎತ್ತರದಲ್ಲಿದೆ. ಗಿರಿಗದ್ದೆ, ಶೇಷಪರ್ವತಗಳನ್ನು ದಾಟಿ ಒಂದೂವರೆ ಸಾವಿರ ಮೀಟರ್‌ಗೂ ಹೆಚ್ಚು ಏರಬೇಕು. ನಮ್ಮ ಕಡೆಯವರು ಅದನ್ನು ಏರಬೇಕಾದರೆ ಮೊದಲು ನಮ್ಮ ಊರಿಗಿಂತ ಐನೂರು ಮೀಟರ್ ಕೆಳಗಿಳಿಯಬೇಕು.

ಕುದುರೆಮುಖ ಮತ್ತು ಕುಮಾರಪರ್ವತ ನನ್ನ ಪಾಲಿಗೆ ಇನ್ನೂ ಉಳಿದಿವೆ. ಮೊಳಕಾಲು ಮೊದಲಿನಂತಿಲ್ಲ. ಇಳಿಯುವಾಗ ಹೆಚ್ಚು ತ್ರಾಸಾಗುತ್ತದೆಂದು ಡಾಕ್ಟರು ಎಚ್ಚರಿಸಿದ್ದಾರೆ. ಅವೆರಡಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಕಬ್ಬಿಣದ ಅದಿರಿಗಾಗಿ ದಶಕಗಳ ಕಾಲ ಅಗೆದ ಕುದುರೆಮುಖದಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಈಗ ಅಲ್ಲಿನ ಶೋಲಾ ಕಾಡು ಮತ್ತು ಹುಲ್ಲುಗಾವಲಿಗೆ ಭಾರವಾಗುತ್ತಿರುವವರು ನಮ್ಮಂಥ ಏರುವವರೇ. 2024ರ ಜನವರಿಯ ರಜೆಯಲ್ಲಿ ಕುಮಾರಪರ್ವತದ ದಾರಿ ಜಾತ್ರೆಯಂತೆ ತುಂಬಿದ್ದರಿಂದ ಸರ್ಕಾರ ಮುಂಗಡ ನೋಂದಣಿಯಿಲ್ಲದ ಚಾರಣವನ್ನು ತಡೆಹಿಡಿಯಿತು. ಅದೇ ವರ್ಷ 'ಅರಣ್ಯ ವಿಹಾರ' ಎಂಬ ಆನ್‌ಲೈನ್ ವ್ಯವಸ್ಥೆ ಬಂದು, ಒಂದು ದಾರಿಗೆ ದಿನಕ್ಕೆ 300 ಜನರೆಂಬ ಮಿತಿ ಗೊತ್ತಾಯಿತು. ಆಗಿನ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ನಮ್ಮ ಭಾಲ್ಕಿಯವರು. ಬೆಟ್ಟವಿಲ್ಲದ ಜಿಲ್ಲೆಯವರು ರಾಜ್ಯದ ಬೆಟ್ಟಗಳ ಬಾಗಿಲು ಕಾಯುವ ಕಾಲವೂ ಬಂತೆಂದು ಸ್ನೇಹಿತರೊಂದಿಗೆ ನಕ್ಕದ್ದುಂಟು. ಆದರೆ ಆ ಮಿತಿ ಅಗತ್ಯವೇ ಆಗಿತ್ತು.

ದಿನಕ್ಕೆ ಮುನ್ನೂರೇ ಸ್ಥಾನಗಳಿರುವಾಗ ಒಂದನ್ನು ನಾನು ಹಿಡಿಯಬೇಕೇ ಎಂಬ ಯೋಚನೆ ಬರುತ್ತದೆ. ಮನ್ರೋ ಕೆಲವನ್ನು ಬಿಟ್ಟುಹೋದನು, ಪಟ್ಟಿ ಬೇರೆಯವರ ಕಾಲಲ್ಲಿ ಪೂರ್ಣವಾಯಿತು. ಅವೆರಡನ್ನು ನಾನು ಏರದೆ ಹೋದರೂ ನನಗೆ ವ್ಯಥೆಯಿಲ್ಲ. ವ್ಯಥೆಯಿರುವುದು ಬೇರೆ ಕಡೆ. ನಮ್ಮ ಶಾಲೆಗಳ ಪ್ರವಾಸಗಳು ಹೆಚ್ಚಾಗಿ ವಿಜಯಪುರ, ಬಾದಾಮಿ, ಹಂಪಿಗಳಿಗೆ ಮುಗಿಯುತ್ತವೆ. ದೂರ, ಖರ್ಚು, ಹೊಣೆಗಾರಿಕೆ ಇವುಗಳ ಕಷ್ಟ ಬಲ್ಲವನು ನಾನು. ಆದರೂ 2017ರಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ಪೂರ್ಣಗೊಂಡ ಮೇಲೆ ಹುಮನಾಬಾದು ಹಿಂದಿನಷ್ಟು ಮೂಲೆಯ ಊರಲ್ಲ. ವರ್ಷಕ್ಕೆ ಒಂದು ಶಾಲೆಯಿಂದ ಹತ್ತು ಮಕ್ಕಳಾದರೂ ಒಂದು ನಿಜವಾದ ಪರ್ವತದ ನೆತ್ತಿಯಲ್ಲಿ ನಿಲ್ಲಬಾರದೇ?

ಅಲ್ಲಿಗೆ ಹೋಗುವ ಮುನ್ನ ಒಂದು ಕೆಲಸ ಇಲ್ಲೇ ಆಗಬಹುದು. ಎರಡು ಕೋಲು, ಒಂದು ಅಳತೆ ಟೇಪು, ಒಂದು ಕೋನಮಾಪಕ ಸಾಕು. ಶಾಲೆಯ ಬಯಲಿನಲ್ಲಿ ನೂರು ಅಡಿಯ ಆಧಾರರೇಖೆ ಹಾಕಿ, ಎದುರಿನ ನೀರಿನ ಟಾಕಿಯ ಎತ್ತರವನ್ನು ಮಕ್ಕಳಿಂದಲೇ ಲೆಕ್ಕ ಹಾಕಿಸಬಹುದು. ಹೀಗೆಯೇ, ನಮ್ಮ ಬೀದರಿನ ಸಮೀಪದ ನೆಲದಲ್ಲಿ, 1815ರಲ್ಲೂ 1841ರಲ್ಲೂ ರೇಖೆ ಹಾಕಿದರೆಂದು ಅವರಿಗೆ ಹೇಳಬಹುದು. "ಇದರಾಗ ನಮ್ಮ ಕಡೀದು ಯಾವುದರೀ?" ಎಂದು ಯಾವ ಮಗುವಾದರೂ ಕೇಳಿದರೆ ತೋರಿಸಲು ನಮ್ಮಲ್ಲಿ ಶಿಖರವಿಲ್ಲದಿರಬಹುದು, ಶಿಖರಗಳನ್ನೆಲ್ಲ ಅಳೆದ ಗೋಲು ಊರಿದ ನೆಲವಿದೆ. ಈ ಲೇಖನವನ್ನು ಓದುವ ನನ್ನ ಶಿಷ್ಯರಲ್ಲಿ ಈಗ ಉಪಾಧ್ಯಾಯರಾಗಿರುವವರು ಯಾರಾದರೂ ಇದನ್ನು ಮಾಡಿ ನೋಡಿದರೆ, ಬಂದ ಉತ್ತರ ಎಷ್ಟು ಅಡಿಯೆಂದು ನನಗೂ ತಿಳಿಸಿ.